ಬೀದರಿನ ಮದರಸಾ, ಸ್ವೀಡನ್ನಿನ ಉಪ್ಸಾಲಾ: ಒಂದು ಉಳೀತು, ಒಂದು ಯಾಕೆ ಉಳೀಲಿಲ್ಲ?

ಇವತ್ತಿನ ಮಾತು ಎರಡು ಹಳೇ ವಿದ್ಯಾಸಂಸ್ಥೆಗಳ ಬಗ್ಗೆ. ಒಂದು ನಮ್ಮ ಬೀದರಿನದು, ಇನ್ನೊಂದು ಯುರೋಪಿನ ಉತ್ತರದ ತುದಿಯಲ್ಲಿರೋ ಸ್ವೀಡನ್ ದೇಶದ್ದು. ಎರಡೂ ಹುಟ್ಟಿದ್ದು ಐದೇ ವರ್ಷದ ಅಂತರದಲ್ಲಿ. ಮೊದಲು ಹುಟ್ಟಿದ್ದು ನಮ್ಮದು.

ಬೀದರಿನ ಮಹಮೂದ್ ಗವಾನ್ ಮದರಸಾ ಕಟ್ಟಿ ಮುಗಿದದ್ದು 1472ರಲ್ಲಿ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯ ಶುರುವಾಗಿದ್ದು 1477ರಲ್ಲಿ. ಇವತ್ತು ಉಪ್ಸಾಲಾದಲ್ಲಿ ಸಾವಿರಾರು ಹುಡುಗ ಹುಡುಗಿಯರು ಓದ್ತಾ ಇದಾರೆ. ನಮ್ಮ ಮದರಸಾದಲ್ಲಿ ನಾವು ಫೋಟೊ ತಕ್ಕೊಂಡು ಬರ್ತೀವಿ. ಅದು ಯಾಕೆ ಹಿಂಗಾಯ್ತು? ಇದೇ ಇವತ್ತಿನ ಪ್ರಶ್ನೆ. ಇದು ಬರೀ ಹಳೇ ಕತೆ ಅಂತ ಅನ್ಕೋಬೇಡ್ರಿ. ಭಾಲ್ಕಿ ತಾಲೂಕಿನ ಹಾಲಹಳ್ಳಿಯಲ್ಲಿ ಈಗ ನಮ್ಮದೇ ಒಂದು ಹೊಸ ವಿಶ್ವವಿದ್ಯಾಲಯ ಇದೆ. ಅದರ ಮುಂದಿನ ದಿನಗಳಿಗೂ ಈ ಪ್ರಶ್ನೆಗೂ ನೇರ ಸಂಬಂಧ ಇದೆ.

ವ್ಯಾಪಾರಕ್ಕೆ ಬಂದವನು

ಮೊದಲು ಗವಾನ್ ಯಾರು ಅಂತ ನೋಡೋಣ. ಊರು ಇರಾನಿನ ಗೀಲಾನ್, ಕ್ಯಾಸ್ಪಿಯನ್ ಸಮುದ್ರದ ದಂಡೆಯ ಸೀಮೆ. ಒಳ್ಳೇ ಮನೆತನ, ಓದಿದ ಮನುಷ್ಯ. ಆದರೆ ಊರಿನ ರಾಜಕೀಯ ಸರಿ ಬರಲಿಲ್ಲ, ಹೊರಬಿದ್ದು ವ್ಯಾಪಾರ ಹಿಡಿದ. ಹಡಗು ಹತ್ತಿ ಕೊಂಕಣದ ದಾಭೋಳ ಬಂದರಿಗೆ ಇಳಿದು, ಅಲ್ಲಿಂದ ಬೀದರಿಗೆ ಬಂದದ್ದು 1453ರಲ್ಲಿ. ಆಗ ಅವನ ವಯಸ್ಸು ನಲವತ್ತು ದಾಟಿತ್ತು. ಬೀದರಿನಲ್ಲಿದ್ದ ಒಬ್ಬ ಸೂಫಿ ಗುರುವನ್ನು ಕಾಣಬೇಕು, ಆಮೇಲೆ ದಿಲ್ಲಿ ಕಡೆ ಹೋಗಬೇಕು ಅನ್ನೋದು ಅವನ ಲೆಕ್ಕ. ಬಹಮನಿ ಸುಲ್ತಾನರು ಬಿಡಲಿಲ್ಲ. ಇಲ್ಲೇ ಉಳಿದ. ನಾಲ್ಕು ಸುಲ್ತಾನರ ಕೈಕೆಳಗೆ ಕೆಲಸ ಮಾಡಿ ಪ್ರಧಾನಮಂತ್ರಿ ಆದ. 'ಮಲಿಕ್-ಉತ್-ತುಜ್ಜಾರ್', ಅಂದ್ರೆ ವ್ಯಾಪಾರಿಗಳ ದೊರೆ ಅಂತ ಅವನಿಗೆ ಬಿರುದು.

ಅದೇ ಕಾಲಕ್ಕೆ ರಷ್ಯಾದ ಒಬ್ಬ ವ್ಯಾಪಾರಿ ಬೀದರಿಗೆ ಬಂದಿದ್ದ. ಹೆಸರು ಅಫನಾಸಿ ನಿಕಿತಿನ್. ಅವನು ತನ್ನ ಪ್ರವಾಸದ ಟಿಪ್ಪಣಿಯಲ್ಲಿ ಈ ಮಲಿಕ್-ಉತ್-ತುಜ್ಜಾರನ ಹೆಸರು ಬರೆದಿದ್ದಾನೆ. ಸರದಾರರ ಶ್ರೀಮಂತಿಕೆ ಎಷ್ಟಿತ್ತು, ಹಳ್ಳಿ ಜನ ಎಷ್ಟು ಬಡವರಿದ್ರು ಅನ್ನೋದನ್ನೂ ಬರೆದಿದ್ದಾನೆ. ಈ ಎರಡನೇ ಮಾತು ನೆನಪಿಟ್ಟುಕೊಳ್ರಿ, ಆಮೇಲೆ ಬೇಕಾಗ್ತದೆ.

ಕೈಯಲ್ಲಿ ಅಧಿಕಾರ ಇತ್ತು, ದುಡ್ಡಿತ್ತು. ಗವಾನ್ ಆ ದುಡ್ಡನ್ನು ಒಂದು ಕಾಲೇಜಿಗೆ ಹಾಕಿದ. ಸಮರಖಂದ, ಖುರಾಸಾನಿನ ಮದರಸಾಗಳ ನಮೂನೆಯಲ್ಲೇ ಕಟ್ಟಿಸಿದ. ಮೂರು ಅಂತಸ್ತು. ಉದ್ದ 205 ಅಡಿ, ಅಗಲ 180 ಅಡಿ. ನಡುವೆ ದೊಡ್ಡ ಅಂಗಳ, ಸುತ್ತ ಪಾಠದ ಹಾಲು, ವಿದ್ಯಾರ್ಥಿಗಳ ಕೋಣೆ, ಗುರುಗಳ ಮನೆ, ಮಸೀದಿ, ಗ್ರಂಥಾಲಯ. ಮುಂಭಾಗದ ಎರಡು ಮೂಲೆಗೆ ಎರಡು ಮಿನಾರು. ಈಗ ಉಳಿದ ಒಂದೇ ಮಿನಾರಿನ ಎತ್ತರ ಸುಮಾರು 130 ಅಡಿ. ಮುಂದಿನ ಗೋಡೆ ತುಂಬ ಬಣ್ಣದ ಹೆಂಚು: ನೀಲಿ, ಹಸಿರು, ಹಳದಿ, ಬಿಳಿ. ತೇವ ಮೇಲಕ್ಕೆ ಏರಬಾರದು ಅಂತ ಅಡಿಪಾಯದಲ್ಲಿ ಸೀಸದ ತಗಡು ಹಾಸಿದ್ರು.

ಇದು ಕಟ್ಟಡದ ಮಾತಾಯ್ತು. ಒಳಗೆ ಏನಿತ್ತು? ಪುಸ್ತಕ. ಮೂರು ಸಾವಿರ ಹಸ್ತಪ್ರತಿ ಇದ್ವು ಅಂತಾರೆ. ಛಾಪಖಾನೆ ಇನ್ನೂ ನಮ್ಮ ದೇಶಕ್ಕೆ ಬಂದಿರಲಿಲ್ಲ. ಒಂದೊಂದು ಪುಸ್ತಕವನ್ನೂ ಯಾರೋ ಕೂತು ಕೈಯಲ್ಲೇ ಬರೆದದ್ದು. ಮೂರು ಸಾವಿರ ಅಂದ್ರೆ ಎಷ್ಟು ಜನರ ಎಷ್ಟು ವರ್ಷದ ದುಡಿಮೆ ಅಂತ ನೀವೇ ಲೆಕ್ಕ ಹಾಕ್ರಿ.

ಇನ್ನು ಗುರುಗಳು. ಗವಾನ್ ದೊಡ್ಡ ಪತ್ರ ಬರೆಯೋ ಮನುಷ್ಯ. ಅವನ ಪತ್ರಗಳ ಸಂಗ್ರಹ 'ರಿಯಾಜ್-ಉಲ್-ಇನ್ಶಾ' ಅಂತ ಇವತ್ತಿಗೂ ಇದೆ. ಇರಾನ್, ಮಧ್ಯ ಏಷ್ಯಾದ ವಿದ್ವಾಂಸರಿಗೆಲ್ಲ ಕಾಗದ ಬರೆದು, ಬೀದರಿಗೆ ಬರ್ರಿ ಅಂತ ಕರೀತಿದ್ದ. ಹೆರಾತಿನಲ್ಲಿದ್ದ ಜಾಮಿ, ಆ ಕಾಲದ ಫಾರಸಿಯ ಅತಿ ದೊಡ್ಡ ಕವಿ, ಅವನನ್ನೂ ಕರೆದ. ಜಾಮಿ ಬರಲಿಲ್ಲ, ಆದರೆ ಇಬ್ಬರ ಪತ್ರವ್ಯವಹಾರ ನಡೀತಾ ಇತ್ತು. ಇವತ್ತು ನಮ್ಮ ಹುಡುಗರು ಬೆಂಗಳೂರಿಗೆ, ಪುಣೆಗೆ, ಹೈದರಾಬಾದಿಗೆ ಓದೋಕೆ ಹೋಗ್ತಾರೆ. ಆಗ ಓದಿದವರು ಬೀದರಿಗೆ ಬರ್ತಿದ್ರು.

ಒಂದು ಸುಳ್ಳು ಕಾಗದ

ಗವಾನ್ ಕಾಲೇಜಿನ ಜೊತೆಗೆ ಆಡಳಿತಕ್ಕೂ ಕೈ ಹಾಕಿದ. ಬಹಮನಿ ರಾಜ್ಯದಲ್ಲಿ ನಾಲ್ಕು ಪ್ರಾಂತ್ಯ ಇದ್ವು, ತರಫ್ ಅಂತಿದ್ರು. ಒಬ್ಬೊಬ್ಬ ಪ್ರಾಂತ್ಯಾಧಿಕಾರಿ ಒಬ್ಬ ಸಣ್ಣ ರಾಜನ ಹಾಗೆ ಇದ್ದ. ಗವಾನ್ ನಾಲ್ಕನ್ನು ಎಂಟು ಮಾಡಿದ. ಒಬ್ಬನ ಕೈಗೆ ಒಂದೇ ಕೋಟೆ, ಉಳಿದವು ಸುಲ್ತಾನನ ಕೈಗೆ ಅಂದ. ಹೊಲ ಅಳೆಸಿದ, ಕಂದಾಯದ ಲೆಕ್ಕ ಸರಿ ಮಾಡಿಸಿದ. ಇಷ್ಟು ಮಾಡಿದ ಮೇಲೆ ಶತ್ರುಗಳು ಹುಟ್ಟದೇ ಇರ್ತಾರೇನ್ರಿ? ಅದರ ಜೊತೆಗೆ ಹಳೇ ಜಗಳ ಬೇರೆ ಇತ್ತು. ಇಲ್ಲೇ ಹುಟ್ಟಿ ಬೆಳೆದ ದಖನಿ ಸರದಾರರದ್ದು ಒಂದು ಗುಂಪು, ಹೊರದೇಶದಿಂದ ಬಂದ ಆಫಾಕಿಗಳದ್ದು ಇನ್ನೊಂದು. ಗವಾನ್ ಎರಡೂ ಕಡೆಯವರಿಗೆ ಹುದ್ದೆ ಹಂಚಿ ಸಮ ಮಾಡೋಕೆ ನೋಡಿದ. ಆದ್ರೂ ಅವನು ಹೊರಗಿನವನು ಅನ್ನೋದು ಹೋಗಲಿಲ್ಲ.

ಶತ್ರುಗಳು ಗವಾನನ ಮುದ್ರೆ ಇಟ್ಟುಕೊಂಡಿದ್ದ ಆಳನ್ನು ಒಲಿಸಿಕೊಂಡ್ರು. ಖಾಲಿ ಹಾಳೆ ಮೇಲೆ ಮುದ್ರೆ ಒತ್ತಿಸಿಕೊಂಡು, ಒಡಿಶಾದ ರಾಜನಿಗೆ ಗವಾನನೇ ದಂಡೆತ್ತಿ ಬಾ ಅಂತ ಕರೆದ ಹಾಗೆ ಕಾಗದ ಬರೆದ್ರು. ಅದನ್ನು ಮೂರನೇ ಮಹಮ್ಮದ್ ಷಾ ಸುಲ್ತಾನನಿಗೆ ತೋರಿಸಿದ್ರು. ಸುಲ್ತಾನ ಕುಡಿದ ಮತ್ತಿನಲ್ಲಿದ್ದ. ಗವಾನನನ್ನು ಕರೆಸಿದ. ಮುದ್ರೆ ನನ್ನದೇ, ಕಾಗದ ನನ್ನದಲ್ಲ ಅಂದ ಗವಾನ್. ಸುಲ್ತಾನ ವಿಚಾರಣೆ ಮಾಡಲಿಲ್ಲ. 1481ರ ಏಪ್ರಿಲ್ 5ರಂದು ತಲೆ ಹೊಡೆಸಿದ. ಗವಾನನಿಗೆ ಆಗ ಎಪ್ಪತ್ತರ ಆಸುಪಾಸು. ಕಾಲೇಜಿಗೆ ಒಂಬತ್ತು ವರ್ಷ.

ಇತಿಹಾಸಕಾರ ಫರಿಷ್ತಾ ಇನ್ನೊಂದು ಸಂಗತಿ ಬರೆದಿದ್ದಾನೆ. ಕೊಂದಾದ ಮೇಲೆ ಸುಲ್ತಾನ ಗವಾನನ ಖಜಾನೆ ಎಲ್ಲಿ ಅಂತ ಕೇಳಿದ. ಅಲ್ಲಿ ಅಂಥದ್ದೇನೂ ಇರಲಿಲ್ಲ. ಸರ್ಕಾರದಿಂದ ಬಂದದ್ದು ಸೈನ್ಯಕ್ಕೆ ಹೋಗ್ತಿತ್ತು. ತನ್ನ ಊಟ ಬಟ್ಟೆಗೆ ಅವನು ತನ್ನ ವ್ಯಾಪಾರದ ಲಾಭ ಬಳಸ್ತಿದ್ದ, ಉಳಿದದ್ದು ಬಡವರಿಗೆ ಕೊಡ್ತಿದ್ದ. ಸುಲ್ತಾನ ಪಶ್ಚಾತ್ತಾಪಪಟ್ಟ, ಒಂದು ವರ್ಷದೊಳಗೆ ತಾನೂ ಸತ್ತ. ಬಹಮನಿ ರಾಜ್ಯ ಒಡೆದು ಐದು ತುಂಡಾಯ್ತು. ಬೀದರ್ ದೊಡ್ಡ ರಾಜ್ಯದ ರಾಜಧಾನಿ ಆಗಿದ್ದದ್ದು, ಬರೀದ್‌ಶಾಹಿಗಳ ಕಾಲಕ್ಕೆ ಐದರಲ್ಲಿ ಒಂದು ಚಿಕ್ಕ ರಾಜ್ಯದ ಊರಾಯ್ತು.

ಈಗ ಮುಖ್ಯವಾದ ವಿಷಯಕ್ಕೆ ಬರ್ತೀನಿ. ನಮ್ಮಲ್ಲಿ ತುಂಬ ಜನ ಏನಂತಾರೆ? ಸಿಡಿಲು ಬಡಿದು ಮದರಸಾ ಹಾಳಾಯ್ತು ಅಂತಾರೆ. ಸಿಡಿಲು ಬಡಿದದ್ದು ನಿಜ. ಔರಂಗಜೇಬ್ 1657ರಲ್ಲಿ ಬೀದರ್ ಗೆದ್ದ ಮೇಲೆ ಈ ಕಟ್ಟಡದಲ್ಲಿ ಸೈನಿಕರನ್ನು ಇಟ್ರು, ಮದ್ದುಗುಂಡು ತುಂಬಿದ್ರು. 1695ರ ಸುಮಾರಿಗೆ ಸಿಡಿಲು ಬಡಿದು ಮದ್ದು ಸಿಡಿದು, ಮುಂಭಾಗದ ದೊಡ್ಡ ಪಾಲು, ಒಂದು ಮಿನಾರು, ದಕ್ಷಿಣದ ಭಾಗ ಎಲ್ಲ ಹಾರಿಹೋಯ್ತು. ಆದ್ರೆ ಒಂದು ಸಲ ಯೋಚನೆ ಮಾಡ್ರಿ. ಮದ್ದುಗುಂಡು ತುಂಬೋಕೆ ಜಾಗ ಇತ್ತು ಅಂದ್ರೆ, ಅಲ್ಲಿ ಓದೋ ಹುಡುಗರು ಮೊದಲೇ ಇರಲಿಲ್ಲ ಅಂತ ತಾನೆ ಅರ್ಥ? ಅಂದ್ರೆ ಸಿಡಿಲು ಕೆಡವಿದ್ದು ಕಟ್ಟಡವನ್ನ. ಕಾಲೇಜು ಅದಕ್ಕೂ ಮೊದಲೇ ಸೊರಗಿತ್ತು.

ಕಟ್ಟಡದಲ್ಲೇನೂ ಕೊರತೆ ಇರಲಿಲ್ಲ. ಗವಾನ್ ಸತ್ತು ನೂರು ವರ್ಷ ದಾಟಿದ ಮೇಲೆ ಬರೆದ ಫರಿಷ್ತಾ, ಅದು ಇನ್ನೂ ಹೊಸದರ ಹಾಗೆ ಕಾಣ್ತದೆ ಅಂತ ಹೇಳಿದ್ದಾನೆ. ಹಾಗಾದ್ರೆ ಕೊರತೆ ಇದ್ದದ್ದು ಎಲ್ಲಿ?

ಉಪ್ಸಾಲಾವೂ ಒಮ್ಮೆ ಮುಚ್ಚಿತ್ತು

ಅದನ್ನು ತಿಳಿಯೋಕೆ ಸ್ವೀಡನ್ನಿಗೆ ಹೋಗೋಣ. ಯುರೋಪಿನ ವಿಶ್ವವಿದ್ಯಾಲಯ ಅಂದ್ರೆ ನಮಗೆ ಥಟ್ಟನೆ ಆಕ್ಸ್‌ಫರ್ಡ್, ಕೇಂಬ್ರಿಜ್ ನೆನಪಾಗ್ತವೆ. ನಾನು ಉಪ್ಸಾಲಾ ಆರಿಸಿಕೊಂಡದ್ದಕ್ಕೆ ಕಾರಣ ಇದೆ. ಅದು ನಮ್ಮ ಮದರಸಾಕ್ಕಿಂತ ಐದು ವರ್ಷ ಚಿಕ್ಕದು, ಮತ್ತು ಅದೂ ಒಮ್ಮೆ ಸತ್ತುಹೋಗಿತ್ತು.

1477ರಲ್ಲಿ ಅಲ್ಲಿನ ಆರ್ಚ್‌ಬಿಷಪ್ ರೋಮಿನ ಪೋಪರಿಂದ ಅನುಮತಿ ಪತ್ರ ತರಿಸಿ ವಿಶ್ವವಿದ್ಯಾಲಯ ಶುರು ಮಾಡಿದ. ಸಣ್ಣದಾಗೇ ಶುರುವಾಯ್ತು. ಮುಂದೆ 1500ರ ದಶಕಗಳಲ್ಲಿ ಅಲ್ಲಿ ಧರ್ಮದ ದೊಡ್ಡ ಪಲ್ಲಟ ಆಯ್ತು. ದೇಶ ಪೋಪರ ಪಂಥ ಬಿಟ್ಟು ಲೂಥರನ ಪಂಥಕ್ಕೆ ಹೋಯ್ತು. ಹಳೇ ಚರ್ಚಿನ ಬಲದ ಮೇಲೆ ನಿಂತಿದ್ದ ವಿಶ್ವವಿದ್ಯಾಲಯಕ್ಕೆ ಗತಿ ಇಲ್ಲದಾಯ್ತು. ಎಷ್ಟೋ ದಶಕ ಪಾಠವೇ ನಡೀಲಿಲ್ಲ. ಅಂದ್ರೆ ಆ ಶತಮಾನದಲ್ಲಿ ಬೀದರಿನ ಕಟ್ಟಡ ಹೊಸದರ ಹಾಗೆ ಹೊಳೀತಿತ್ತು, ಉಪ್ಸಾಲಾ ಬಾಗಿಲು ಹಾಕಿತ್ತು. ಆಗ ಯಾರಾದ್ರೂ ಪಂಥ ಕಟ್ಟಿದ್ದಿದ್ರೆ ಬೀದರಿನ ಮೇಲೇ ಕಟ್ತಿದ್ರು!

1593ರಲ್ಲಿ ಅಲ್ಲಿನ ಧರ್ಮಸಭೆ ಸೇರಿ, ವಿಶ್ವವಿದ್ಯಾಲಯ ಮತ್ತೆ ಶುರುವಾಗಬೇಕು ಅಂತ ತೀರ್ಮಾನ ಆಯ್ತು. ಆಮೇಲೆ 1624ರಲ್ಲಿ ನಿಜವಾದ ತಿರುವು. ರಾಜ ಗುಸ್ತಾವ್ ಅಡಾಲ್ಫ್ ತನ್ನ ಪಿತ್ರಾರ್ಜಿತ ಹೊಲಮನೆಗಳಲ್ಲಿ ಮುನ್ನೂರಕ್ಕೂ ಹೆಚ್ಚನ್ನು ವಿಶ್ವವಿದ್ಯಾಲಯದ ಹೆಸರಿಗೆ ಬರೆದುಕೊಟ್ಟ. ಕುಲಪತಿಯ ಹೆಸರಿಗಲ್ಲ, ಮಂತ್ರಿಯ ಹೆಸರಿಗಲ್ಲ. ವಿಶ್ವವಿದ್ಯಾಲಯದ ಹೆಸರಿಗೆ. ಆ ಜಮೀನು, ಕಾಡಿನ ಆದಾಯದಿಂದ ಇವತ್ತಿಗೂ ಆ ಸಂಸ್ಥೆಗೆ ಹಣ ಬರ್ತದೆ. ರಾಜ ಯುದ್ಧದಲ್ಲಿ ಸತ್ತ, ರಾಜಮನೆತನಗಳು ಬದಲಾದ್ವು, ಹೊಲ ಮಾತ್ರ ವಿಶ್ವವಿದ್ಯಾಲಯದ್ದೇ.

ಅದರ ಫಲ ನಿಮ್ಮ ಫೋನಿನಲ್ಲೇ ಇದೆ. ಬೀದರಿನಲ್ಲಿ ಇವತ್ತು ಇಷ್ಟು ಡಿಗ್ರಿ ಸೆಲ್ಸಿಯಸ್ ಬಿಸಿಲು ಅಂತ ಹವಾಮಾನದ ಆ್ಯಪ್ ತೋರಿಸ್ತದಲ್ಲ, ಆ ಸೆಲ್ಸಿಯಸ್ ಉಪ್ಸಾಲಾದ ಪ್ರೊಫೆಸರ್. ಮಾವಿನ ಗಿಡಕ್ಕೆ ಮ್ಯಾಂಜಿಫೆರಾ ಇಂಡಿಕಾ ಅಂತ ಪುಸ್ತಕದಲ್ಲಿ ಓದೀರಲ್ಲ, ಹಾಗೆ ಎರಡು ಪದದ ಹೆಸರಿಡೋ ಪದ್ಧತಿ ತಂದ ಲಿನೇಯಸ್ ಕೂಡ ಅಲ್ಲಿನವನೇ. ಇಬ್ಬರೂ 1700ರ ದಶಕದವರು. ಅಂದ್ರೆ ಸಂಸ್ಥೆ ಶುರುವಾಗಿ ಇನ್ನೂರೈವತ್ತು ವರ್ಷ ಆದ ಮೇಲೆ ಬಂದ ಫಲ ಇದು. ವಿಶ್ವವಿದ್ಯಾಲಯ ಅನ್ನೋದು ಆ ಥರದ ಗಿಡ ನೋಡ್ರಿ. ಹಾಕಿದವನಿಗೆ ಹಣ್ಣು ಸಿಗಲ್ಲ.

ಇನ್ನೊಂದು ಮಾತು. ಯೂನಿವರ್ಸಿಟಿ ಅನ್ನೋ ಪದದ ಮೂಲ ಲ್ಯಾಟಿನ್ನಿನದು. ಹಳೇ ಅರ್ಥ ಏನು ಗೊತ್ತಾ? ಸಂಘ. ನೇಕಾರರ ಸಂಘ, ವ್ಯಾಪಾರಿಗಳ ಸಂಘ ಇದ್ದ ಹಾಗೆ ಕಲಿಸೋರ, ಕಲಿಯೋರ ಸಂಘ. ಇಟಲಿಯ ಬೊಲೋನ್ಯಾ 1088ರಲ್ಲಿ ಶುರುವಾಯ್ತು ಅಂತ ಹೇಳಿಕೊಳ್ತದೆ. ಅಲ್ಲಿ ವಿದ್ಯಾರ್ಥಿಗಳ ಸಂಘವೇ ಗುರುಗಳನ್ನು ನೇಮಿಸ್ತಿತ್ತು. ಗುರು ತಡವಾಗಿ ಬಂದ್ರೆ ದಂಡ ಹಾಕ್ತಿತ್ತು! ನಗಬೇಡ್ರಿ, ನಿಜ. ಅಂದ್ರೆ ಮೊದಲು ಇದ್ದದ್ದು ಜನರ ಒಪ್ಪಂದ. ಕಟ್ಟಡ ಬಂದದ್ದು ಎಷ್ಟೋ ಕಾಲದ ಮೇಲೆ. ನಮ್ಮಲ್ಲಿ ಉಲ್ಟಾ. ಮೊದಲು ಶಂಕುಸ್ಥಾಪನೆ, ಆಮೇಲೆ ಉಳಿದದ್ದು.

ಹಂಗಂತ ಇದು ಯುರೋಪಿನ ಜಾಣತನ, ನಮ್ಮ ದಡ್ಡತನ ಅನ್ನೋ ತೀರ್ಮಾನಕ್ಕೆ ಹೋಗಬಾರದು. ಇದು ಧರ್ಮದ ಪ್ರಶ್ನೆಯೂ ಅಲ್ಲ. ಮೊರಾಕ್ಕೊದ ಫೆಜ್ ನಗರದ ಅಲ್-ಕರವಿಯ್ಯೀನ್, ಈಜಿಪ್ಟಿನ ಅಲ್-ಅಜ್ಹರ್, ಎರಡೂ ಸಾವಿರ ವರ್ಷ ದಾಟಿ ಇವತ್ತಿಗೂ ಪಾಠ ಹೇಳ್ತಾ ಇವೆ. ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ, ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ ಚಾಲುಕ್ಯರ ಕಾಲದ ಘಟಿಕಾಸ್ಥಾನ ಇತ್ತು. 1058ರ ಶಾಸನದಲ್ಲಿ ಅಲ್ಲಿನ ನೂರಾರು ವಿದ್ಯಾರ್ಥಿಗಳ, ಗುರುಗಳ ಲೆಕ್ಕ ಇದೆ. ಪುಸ್ತಕ ನೋಡಿಕೊಳ್ಳೋಕೆ ಆರು ಜನ ಇದ್ರು, 'ಸರಸ್ವತಿ ಭಂಡಾರಿಗರು' ಅಂತ. ಎಷ್ಟು ಚಂದದ ಹುದ್ದೆ ನೋಡ್ರಿ! ಲೈಬ್ರರಿಯನ್ ಅನ್ನೋಕೆ ಇದಕ್ಕಿಂತ ಒಳ್ಳೇ ಕನ್ನಡ ಪದ ನನಗೆ ಕಂಡಿಲ್ಲ. ಅಂಥ ನಾಗಾವಿಯೂ ಈಗ ಕಲ್ಲಿನ ಕಟ್ಟಡ ಅಷ್ಟೇ.

ಹಾಗಾದ್ರೆ ನಾನು ಹೇಳೋದು ಇಷ್ಟೇ. ಗವಾನನ ಕಾಲೇಜು ಒಬ್ಬ ದೊಡ್ಡ ಮನುಷ್ಯನ ಮೇಲೆ ನಿಂತಿತ್ತು. ಗುರುಗಳನ್ನು ಕರೆಯೋ ಪತ್ರ ಅವನೇ ಬರೀಬೇಕು, ದೇಶದೇಶಗಳ ಸಂಪರ್ಕ ಅವನದೇ, ದರಬಾರಿನಲ್ಲಿ ಕಾಪಾಡೋನೂ ಅವನೇ. ಅವನ ತಲೆ ಬಿದ್ದ ದಿನ ಅದರ ಬೇರು ಕಡಿದ ಹಾಗಾಯ್ತು. ಮತ್ತೆ ಆಗಲೇ ನಿಕಿತಿನ್ ಮಾತು ನೆನಪಿಟ್ಟುಕೊಳ್ರಿ ಅಂದೆನಲ್ಲ, ಸುತ್ತಲಿನ ಹಳ್ಳಿ ಜನ ಬಡವರಿದ್ರು ಅಂತ. ಅಲ್ಲಿ ಪಾಠ ನಡೀತಿದ್ದದ್ದು ಅರಬ್ಬಿ, ಫಾರಸಿಯಲ್ಲಿ. ಔರಾದ್, ಭಾಲ್ಕಿ ಕಡೆಯ ಒಬ್ಬ ಒಕ್ಕಲಿಗನಿಗೆ ಈ ಕಾಲೇಜು ಇದ್ರೂ ಅಷ್ಟೆ, ಹೋದ್ರೂ ಅಷ್ಟೆ. ಅದನ್ನು ಉಳಿಸಿಕೊಳ್ಳಬೇಕು ಅಂತ ಅವನಿಗೆ ಯಾಕೆ ಅನ್ನಿಸ್ಬೇಕು?

ಹೊರಗೆ ಉರ್ದು ಬೋರ್ಡು, ಒಳಗೆ ಕನ್ನಡ ಪಾಠ

ಇದಕ್ಕೆ ಉಲ್ಟಾ ಆದ ಒಂದು ಕತೆ ನಮ್ಮ ಜಿಲ್ಲೆಯಲ್ಲೇ ಇದೆ. ಅದಕ್ಕೆ ನಾಲ್ಕು ಶತಮಾನ ದಾಟಿ ಬರಬೇಕು, ನಿಜಾಮರ ಕಾಲಕ್ಕೆ.

ಬೀದರ್ ಆಗ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು, ಶಾಲೆಯ ಭಾಷೆಯೂ ಹೆಚ್ಚಾಗಿ ಅದೇ. 1918ರಲ್ಲಿ ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾಯ್ತು. ಇಂಗ್ಲಿಷ್ ಬಿಟ್ಟು ಭಾರತದ ಭಾಷೆಯೊಂದರಲ್ಲೇ, ಅಂದ್ರೆ ಉರ್ದುವಿನಲ್ಲೇ, ವೈದ್ಯಕೀಯ, ಎಂಜಿನಿಯರಿಂಗ್ ಸಮೇತ ಎಲ್ಲವನ್ನೂ ಕಲಿಸಿದ ದೊಡ್ಡ ಪ್ರಯೋಗ ಅದು. ಆದ್ರೆ ಮನೇಲಿ ಕನ್ನಡ ಆಡೋ ಮಗುವಿಗೆ ಒಂದನೇ ಇಯತ್ತೆಯಲ್ಲೇ ಬೇರೆ ಭಾಷೆ. ಎಷ್ಟೋ ಮಕ್ಕಳು ಶಾಲೆಯ ಮೆಟ್ಟಿಲು ಹತ್ತಲೇ ಇಲ್ಲ.

ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಇದಕ್ಕೆ ಒಂದು ದಾರಿ ಹುಡುಕಿದ್ರು. ಅವರ ಹುಟ್ಟೂರು ಕಮಲನಗರ, ಆಗ ಔರಾದ್ ತಾಲೂಕಿನಲ್ಲಿತ್ತು, ಈಗ ಅದೇ ಒಂದು ತಾಲೂಕು. ಹೊರಗೆ ಉರ್ದು ಬೋರ್ಡು ಹಾಕಿ, ಒಳಗೆ ಕನ್ನಡ ಪಾಠ ಮಾಡಿಸಿದ್ರು. ಈ ಮಾತು ನಮ್ಮ ಕಡೆ ಗಾದೆಯ ಹಾಗೆ ಆಗಿಹೋಗಿದೆ. ಭಾಲ್ಕಿಯ ಯಾವ ಹಿರಿಯರನ್ನು ಕೇಳಿದ್ರೂ ಹೇಳ್ತಾರೆ.

ಅವರ ಹತ್ತಿರ ಏನಿತ್ತು? ಸೀಸದ ತಗಡಿನ ಅಡಿಪಾಯ ಇರಲಿಲ್ಲ. ಪರ್ಷಿಯಾದ ಹೆಂಚು ಇರಲಿಲ್ಲ. ಜೋಳಿಗೆ ಇತ್ತು. ಹಳ್ಳಿ ಹಳ್ಳಿ ತಿರುಗಿ ಭಿಕ್ಷೆ ಎತ್ತಿ, ಜೋಳ ತಂದು, ದುಡ್ಡು ತಂದು ಶಾಲೆ ನಡೆಸಿದ್ರು. ಬಡ ಮಕ್ಕಳಿಗೆ ಪ್ರಸಾದ ನಿಲಯ ತೆರೆದು ಉಣ್ಣೋಕೆ, ಇರೋಕೆ ವ್ಯವಸ್ಥೆ ಮಾಡಿದ್ರು. ಜಾತಿ ಕೇಳಲಿಲ್ಲ. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗೀತು, 1956ರ ನವೆಂಬರ್ 1ಕ್ಕೆ ಬೀದರ್ ಮೈಸೂರು ರಾಜ್ಯಕ್ಕೆ ಸೇರ್ತು. ಸರ್ಕಾರಗಳು ಬದಲಾದ್ವು, ಪಾಠ ನಿಲ್ಲಲಿಲ್ಲ. ಪಟ್ಟದ್ದೇವರು ನೂರು ವರ್ಷ ದಾಟಿ ಬದುಕಿ 1999ರಲ್ಲಿ ಲಿಂಗೈಕ್ಯರಾದ್ರು. ಆಗಲೂ ನಿಲ್ಲಲಿಲ್ಲ. ಅವರು ಕಟ್ಟಿದ ಶಾಲೆ ಕಾಲೇಜುಗಳು ಇವತ್ತಿಗೂ ನಡೀತಿವೆ.

ಯಾಕೆ ನಿಲ್ಲಲಿಲ್ಲ ಅಂತ ಕೇಳಿದ್ರೆ ಉತ್ತರ ಆ ಜೋಳಿಗೆಯಲ್ಲಿದೆ. ಒಂದು ಸೇರು ಜೋಳ ಹಾಕಿದ ಮನೆಯವರಿಗೆ ಅದು ನಮ್ಮ ಶಾಲೆ. ಗುಸ್ತಾವ್ ಅಡಾಲ್ಫನ ಮುನ್ನೂರು ಹೊಲ ಮಾಡಿದ ಕೆಲಸವನ್ನೇ ಇಲ್ಲಿ ಸಾವಿರಾರು ಮನೆಗಳ ಜೋಳ ಮಾಡ್ತು. ಒಬ್ಬರು ಹೋದ್ರೆ ಇನ್ನೊಬ್ಬರು ಹಿಡಿದುಕೊಳ್ಳೋ ಹಾಗೆ ಮಾಡ್ತು. ಪಟ್ಟದ್ದೇವರೂ ಒಬ್ಬ ದೊಡ್ಡ ಮನುಷ್ಯರೇ, ಗವಾನನ ಹಾಗೆ. ಆದರೆ ಅವರು ತಮ್ಮ ಕೆಲಸವನ್ನು ಊರವರ ಹೆಗಲ ಮೇಲೂ ಇಟ್ಟು ಹೋದ್ರು.

ಹಾಲಹಳ್ಳಿಯ ಹೊಸ ಗಿಡ

ಈಗ ನಮ್ಮ ಕಾಲಕ್ಕೆ ಬರೋಣ. ಇಷ್ಟು ದಿನ ಬೀದರ್ ಜಿಲ್ಲೆಯ ಕಾಲೇಜುಗಳೆಲ್ಲ 1980ರಲ್ಲಿ ಶುರುವಾದ ಗುಲಬರ್ಗಾ ವಿಶ್ವವಿದ್ಯಾಲಯದ ಕೆಳಗಿದ್ವು. ಔರಾದಿನ ಒಬ್ಬ ಹುಡುಗಿಗೆ ಅಂಕಪಟ್ಟಿಯಲ್ಲಿ ಒಂದು ಅಕ್ಷರ ತಪ್ಪಿದ್ರೂ ಮೊದಲು ಬೀದರಿಗೆ ಸುಮಾರು 40 ಕಿಲೋಮೀಟರ್, ಅಲ್ಲಿಂದ ಕಲಬುರಗಿಗೆ ನೂರಕ್ಕೂ ಹೆಚ್ಚು. ಒಂದು ದಿನದ ಕೂಲಿ, ಬಸ್ ಚಾರ್ಜು, ಕೆಲಸ ಆಗದಿದ್ರೆ ಇನ್ನೊಂದು ದಿನ. ಮನೆಯವರು ಅಷ್ಟು ದೂರ ಒಬ್ಬಳನ್ನೇ ಕಳಿಸ್ತಾರೋ ಇಲ್ಲವೋ ಅದು ಬೇರೆ.

ಪಶುವೈದ್ಯಕೀಯ ವಿಶ್ವವಿದ್ಯಾಲಯ ಬೀದರಿನಲ್ಲಿ ಮೊದಲೇ ಇತ್ತು, ಇಡೀ ರಾಜ್ಯಕ್ಕೆ ಅದರ ಕೇಂದ್ರ ಇಲ್ಲೇ. ಆದರೆ ಬಿಎ, ಬಿಕಾಂ, ಬಿಎಸ್ಸಿ, ಎಂಎ ಓದೋರಿಗೆ ಜಿಲ್ಲೆಯದ್ದೇ ಆದ ವಿಶ್ವವಿದ್ಯಾಲಯ ಬಂದದ್ದು 2023ರಲ್ಲಿ. ಭಾಲ್ಕಿ ತಾಲೂಕಿನ ಹಾಲಹಳ್ಳಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಇತ್ತಲ್ಲ, 'ಜ್ಞಾನ ಕಾರಂಜಿ' ಅಂತ, ಅದೇ ಈಗ ಬೀದರ್ ವಿಶ್ವವಿದ್ಯಾಲಯ.

ಎರಡೇ ವರ್ಷಕ್ಕೆ ಏನಾಯ್ತು ಅಂತ ನಿಮಗೆ ನೆನಪಿರಬಹುದು. 2025ರ ಫೆಬ್ರವರಿಯಲ್ಲಿ, ರಾಜ್ಯದ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚೋ ಪ್ರಸ್ತಾಪ ಸರ್ಕಾರದ ಮುಂದೆ ಬಂತು. ದುಡ್ಡಿಲ್ಲ, ಸಿಬ್ಬಂದಿ ಇಲ್ಲ ಅನ್ನೋದು ಕಾರಣ. ಆ ಒಂಬತ್ತರಲ್ಲಿ ಬೀದರ್ ಇರಲಿಲ್ಲ. ನಾವು ಉಸಿರು ಬಿಟ್ವಿ. ಆದ್ರೆ ಒಂದು ಮಾತು ಗಮನಿಸ್ರಿ. ಮುಚ್ಚೋ ಮಾತು ಬಂದಾಗ ಯಾರೂ ಕಟ್ಟಡ ಚೆನ್ನಾಗಿದೆಯಾ ಅಂತ ಕೇಳಲಿಲ್ಲ. ಹಣ ಎಲ್ಲಿಂದ ಬರ್ತದೆ, ಕಲಿಸೋರು ಯಾರು, ಕಾಲೇಜು ಎಷ್ಟು, ಇದನ್ನೇ ಕೇಳಿದ್ರು. 1481ರಲ್ಲೂ ಅದೇ ಪ್ರಶ್ನೆ, 2025ರಲ್ಲೂ ಅದೇ ಪ್ರಶ್ನೆ.

ಮದರಸಾವನ್ನು ಹಾಳು ಮಾಡೋಕೆ ಒಂದು ಸುಳ್ಳು ಕಾಗದ ಸಾಕಾಯ್ತು. ಈಗಿನ ಕಾಲದಲ್ಲಿ ಸುಳ್ಳು ಕಾಗದವೂ ಬೇಡ, ಬಜೆಟ್ಟಿನ ಒಂದು ಸಾಲು ಸಾಕು. ಆ ಸಾಲು ಬರದ ಹಾಗೆ ತಡೆಯೋರು ಯಾರು? ಮಂತ್ರಿ ಬದಲಾಗ್ತಾರೆ. ಕುಲಪತಿಗಳು ನಾಲ್ಕು ವರ್ಷಕ್ಕೆ ಹೋಗ್ತಾರೆ. ಉಳಿಯೋದು ನಾವೇ, ಅಲ್ಲಿ ಓದಿದವರು, ಓದ್ತಿರೋರು, ಅವರ ಅಪ್ಪ ಅಮ್ಮ.

ಹಂಗಾದ್ರೆ ನಾವೇನು ಮಾಡಬಹುದು ಅಂತ ಕೇಳ್ತೀರಿ. ದೊಡ್ಡ ಮಾತು ಬೇಡ, ಸಣ್ಣ ಸಣ್ಣ ಪ್ರಶ್ನೆ ಕೇಳೋಣ. ನಮ್ಮ ಕಾಲೇಜಿನ ಲೈಬ್ರರಿ ಸಂಜೆ ಎಷ್ಟು ಹೊತ್ತಿನ ತನಕ ತೆರೆದಿರ್ತದೆ? ಕಾಯಂ ಉಪನ್ಯಾಸಕರು ಎಷ್ಟು ಜನ, ಅತಿಥಿ ಉಪನ್ಯಾಸಕರು ಎಷ್ಟು ಜನ? ಔರಾದ್, ಕಮಲನಗರ ಕಡೆಯಿಂದ ಹಾಲಹಳ್ಳಿಗೆ ಕ್ಲಾಸಿನ ಹೊತ್ತಿಗೆ ಬಸ್ ಇದೆಯಾ? ಸಂವಿಧಾನದ 371(ಜೆ) ಕಲಮಿನಲ್ಲಿ ನಮ್ಮ ಭಾಗಕ್ಕೆ ಸೀಟು, ನೌಕರಿ ಮೀಸಲಿದೆಯಲ್ಲ, ಹುದ್ದೆ ತುಂಬದಿದ್ರೆ ಆ ಮೀಸಲಾತಿಗೆ ಏನು ಬೆಲೆ? ಓದಿ ಹೊರಗೆ ಹೋಗಿ ಸಂಬಳ ತಗೊಳ್ತಿರೋರು ತಮ್ಮ ಹಳೇ ಕಾಲೇಜಿಗೆ ವರ್ಷಕ್ಕೆ ಹತ್ತು ಪುಸ್ತಕ ಕೊಟ್ರೂ ಅದು ಜೋಳಿಗೆಗೆ ಹಾಕಿದ ಜೋಳವೇ. ಒಬ್ಬ ಕೊಟ್ರೆ ದಾನ. ಸಾವಿರ ಜನ ಕೊಟ್ರೆ ಅದನ್ನು ಮುಚ್ಚೋಕೆ ಯಾವ ಸರ್ಕಾರವೂ ಎರಡು ಸಲ ಯೋಚನೆ ಮಾಡ್ತದೆ.

ನೀವು ಬೀದರಿನವರಾಗಿದ್ರೆ ಈ ವಾರ ಒಂದು ಕೆಲಸ ಮಾಡ್ರಿ. ಚೌಬಾರಾದಿಂದ ಕೋಟೆಗೆ ಹೋಗೋ ದಾರಿಯಲ್ಲಿ ಮದರಸಾ ಸಿಗ್ತದೆ. ಸೆಲ್ಫಿ ತಗೊಳ್ರಿ, ಬೇಡ ಅನ್ನಲ್ಲ. ಆಮೇಲೆ ಒಳಗೆ ಹೋಗಿ ಆ ಸಣ್ಣ ಕೋಣೆಗಳಲ್ಲಿ ಒಂದರ ಮುಂದೆ ಎರಡು ನಿಮಿಷ ನಿಲ್ರಿ. ಅಲ್ಲಿ ನಿಮ್ಮದೇ ವಯಸ್ಸಿನ ಒಬ್ಬ ಹುಡುಗ ದೀಪ ಹಚ್ಚಿಕೊಂಡು ಓದಿದ್ದ, ಕೈಯಲ್ಲಿ ಬರೆದ ಪುಸ್ತಕ ಹಿಡಿದುಕೊಂಡು. ಸಮಯ ಇದ್ರೆ ಊರ ಹೊರಗೆ ಗೋರ್ನಳ್ಳಿ ಹತ್ತಿರ ಗವಾನನ ಸಮಾಧಿ ಇದೆ, ಅಲ್ಲಿಗೂ ಹೋಗ್ರಿ. ಇಷ್ಟು ದೊಡ್ಡ ಕಟ್ಟಡ ಕಟ್ಟಿಸಿದವನ ಸಮಾಧಿ ಎಷ್ಟು ಸಾದಾ ಅಂತ ನೀವೇ ನೋಡ್ರಿ.

ನಿಮ್ಮ ಕಾಲೇಜಿನ ಲೈಬ್ರರಿ ಹೇಗಿದೆ, ಎಷ್ಟು ಹೊತ್ತು ತೆರೆದಿರ್ತದೆ ಅಂತ ನಮಗೆ ಒಂದು ವಾಯ್ಸ್ ಮೆಸೇಜ್ ಕಳಿಸ್ರಿ. ಭಾಲ್ಕಿ, ಔರಾದ್, ಕಮಲನಗರ ಕಡೆಯವರು ತಪ್ಪದೇ ಕಳಿಸ್ರಿ. ಮುಂದಿನ ಸಂಚಿಕೆಯಲ್ಲಿ ಅವುಗಳನ್ನೇ ಇಟ್ಟುಕೊಂಡು ಮಾತಾಡೋಣ.